ಏಳು ನಿಮಿಷದಿಂದ ಎರಡೂವರೆಗೆ: ಒಬ್ಬ ಪಿಚರ್‌ನ ರಿಕ್ರೂಟಿಂಗ್ ವಿಡಿಯೊ

ಈ ಪ್ರಕರಣದ ಹುಡುಗನಿಗೆ ಆಗ 16 ವರ್ಷ. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಕ್ಯಾರಿ ಊರಿನವನು, 11ನೇ ತರಗತಿ. ಅಪ್ಪನ ಊರು ಹಾಸನ, ಅಮ್ಮನದು ಮೈಸೂರು. ಇಬ್ಬರೂ ಸಾಫ್ಟ್‌ವೇರ್ ಕೆಲಸದವರು. ಮನೆಯಲ್ಲಿ ಟಿವಿ ಹಾಕಿದರೆ ಕ್ರಿಕೆಟ್. ಮಗ ಮಾತ್ರ ಚಿಕ್ಕಂದಿನಲ್ಲಿ ಬೇಸ್‌ಬಾಲ್ ಹಿಡಿದವನು ಬಿಡಲೇ ಇಲ್ಲ. ಕ್ಯಾರಿಯಲ್ಲಿ ಅದು ಆಶ್ಚರ್ಯವೂ ಅಲ್ಲ. ಅಮೆರಿಕದ ರಾಷ್ಟ್ರೀಯ ತಂಡಗಳನ್ನು ನೋಡಿಕೊಳ್ಳುವ ಯುಎಸ್‌ಎ ಬೇಸ್‌ಬಾಲ್ ಸಂಸ್ಥೆಯ ತರಬೇತಿ ಮೈದಾನಗಳು ಇರುವುದೇ ಆ ಊರಿನಲ್ಲಿ.

ಹುಡುಗ ಬಲಗೈ ಪಿಚರ್. ಕ್ರಿಕೆಟ್ ಭಾಷೆಯಲ್ಲಿ ಹೇಳುವುದಾದರೆ ಬೌಲರ್, ಆದರೆ ಓಡಿ ಬರುವ ಹಾಗಿಲ್ಲ. ದಿಬ್ಬದ ಮೇಲೆ ನಿಂತು, 60 ಅಡಿ 6 ಇಂಚು ದೂರದಲ್ಲಿ ಬ್ಯಾಟರ್ ಪಕ್ಕದ ನೆಲದಲ್ಲಿರುವ ಪ್ಲೇಟಿನ ಮೇಲೆ ಹಾದುಹೋಗುವಂತೆ ಚೆಂಡು ಎಸೆಯಬೇಕು. ಶಾಲೆಯ ತಂಡದಲ್ಲಿ ಆಡುತ್ತಿದ್ದ, ಬೇಸಿಗೆಯಲ್ಲಿ ಊರೂರು ತಿರುಗುವ ಟ್ರಾವೆಲ್ ತಂಡದಲ್ಲೂ ಇದ್ದ. ಕಾಲೇಜಿನಲ್ಲಿಯೂ ಆಡಬೇಕು ಅನ್ನುವುದು ಅವನ ಆಸೆ. 2024ರ ಕೊನೆಯಲ್ಲಿ ಅಪ್ಪ ರಿಕ್ರೂಟಿಂಗ್ ವಿಡಿಯೊ, ಅಂದರೆ ಕಾಲೇಜು ತಂಡಕ್ಕೆ ಆರಿಸಿಕೊಳ್ಳಿ ಅಂತ ಮಗನ ಆಟ ತೋರಿಸುವ ವಿಡಿಯೊ ಮಾಡಿ ಐವತ್ತಕ್ಕೂ ಹೆಚ್ಚು ಕಾಲೇಜುಗಳಿಗೆ ಕಳಿಸಿದರು. ಬಂದ ಉತ್ತರಗಳೆಲ್ಲ ಒಂದೇ ಥರ: 'ನಮ್ಮ ಕ್ಯಾಂಪಿಗೆ ಬನ್ನಿ, ಶುಲ್ಕ ಇಷ್ಟು.'

ಆಮೇಲೆ ಅವರು ನನ್ನ ಹತ್ತಿರ ಬಂದರು. ನಾನು ವಿಡಿಯೊ ಎಡಿಟ್ ಮಾಡುವವನು. ಕನ್ನಡ ಸಂಘದ ರಾಜ್ಯೋತ್ಸವ, ಗೃಹಪ್ರವೇಶ, ಅರಂಗೇಟ್ರಂ ಎಲ್ಲ ಮಾಡಿದ್ದೇನೆ. ಈಚೆಗೆ ಆಟದ ಮಕ್ಕಳ ವಿಡಿಯೊ ಕೆಲಸ ಜಾಸ್ತಿಯಾಗಿದೆ. ಈ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದರು.

ಮೊದಲ ವಿಡಿಯೊದಲ್ಲಿ ಏನಿತ್ತು

ಏಳು ನಿಮಿಷ. ಅದರಲ್ಲಿ ಮೊದಲ ಅರ್ಧ ನಿಮಿಷ ಬರೀ ಬೆಂಕಿ, ಹೊಗೆ, ತಿರುಗುವ ಅಕ್ಷರ, ಡ್ರಮ್ಸ್. ನಮ್ಮ ಸಿನಿಮಾದ ಹೀರೊ ಎಂಟ್ರಿಯೇ ಸರಿ. ಅಪ್ಪ ನಾಚಿಕೆಯಿಲ್ಲದೆ ಒಪ್ಪಿಕೊಂಡರು: "ಎಂಟ್ರಿ ಇರಬೇಕಲ್ವಾ ಗುರು?"

ಎಂಟ್ರಿ ಮುಗಿದ ಮೇಲೆ ಒಂದರ ಹಿಂದೆ ಒಂದು ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗುವುದು. ಬೀಸಿ ತಪ್ಪಿದರೆ, ಇಲ್ಲವೇ ಸರಿಯಾದ ಜಾಗಕ್ಕೆ ಬಂದ ಚೆಂಡನ್ನು ಬಿಟ್ಟರೆ ಸ್ಟ್ರೈಕ್. ಪ್ರೇಕ್ಷಕರ ಬೆಂಚಿನಿಂದ, ಮುಂದಿನವರ ತಲೆಗಳ ಸಂದಿಯಿಂದ ತೆಗೆದದ್ದು. ಕೆಲವು ಫೋನ್ ನೆಟ್ಟಗೆ ಹಿಡಿದು ತೆಗೆದವು, ಹಾಗಾಗಿ ಪರದೆಯ ಎರಡೂ ಬದಿ ಕಪ್ಪು. ಪ್ರತಿ ಸ್ಟ್ರೈಕ್‌ಔಟ್ ಎರಡು ಸಲ ಬರುತ್ತದೆ, ಎರಡನೆಯದು ಸ್ಲೋ ಮೋಷನ್. ಮಧ್ಯೆ ಅಮ್ಮಂದಿರ ಕೂಗು. ಪರದೆಯ ಮೇಲೆ ದೊಡ್ಡದಾಗಿ '87 ಎಂಪಿಎಚ್' ಅಂತ, ಅಂದರೆ ಗಂಟೆಗೆ 87 ಮೈಲಿ. ಹುಡುಗನ ಹೆಸರು, ಇಮೇಲ್ ಬರುವುದು ಕೊನೆಯ ಐದು ಸೆಕೆಂಡಿನಲ್ಲಿ. ಯಾವ ವರ್ಷ ಹೈಸ್ಕೂಲು ಮುಗಿಸುತ್ತಾನೆ ಅನ್ನುವುದು ಎಲ್ಲೂ ಇಲ್ಲ. ಕಾಲೇಜು ಕೋಚ್‌ಗೆ ಬೇಕಾದ ಮೊದಲ ಮಾಹಿತಿಯೇ ಅದು. ಅವನು ಹುಡುಕುತ್ತಿರುವುದು 2026ರ ಬ್ಯಾಚೋ 2027ರ ಬ್ಯಾಚೋ ಅನ್ನುವುದರ ಮೇಲೆ ಮುಂದಿನದೆಲ್ಲ.

ಇವೆಲ್ಲ ತಿದ್ದಲು ಸುಲಭ. ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಪ್ರತಿ ತುಣುಕಿನಲ್ಲೂ ಕ್ಯಾಮೆರಾ ನೋಡುತ್ತಿದ್ದದ್ದು ಬ್ಯಾಟರ್‌ನ ಕಡೆಗೆ. ಅದು ಸಹಜ. ಮಗ ಎಸೆದಾಗ ಅಪ್ಪನ ಕಣ್ಣು ಚೆಂಡಿನ ಜತೆ ಓಡುತ್ತದೆ. ಬ್ಯಾಟ್ ಗಾಳಿಗೆ ಬೀಸಿದರೆ ಅಪ್ಪನಿಗೆ ಖುಷಿ, ಅಲ್ಲಿಗೆ ಕಥೆ ಮುಗಿಯಿತು. ಆದರೆ ಕೋಚ್‌ಗೆ ಆ ಬ್ಯಾಟರ್ ಯಾರು ಅಂತ ಗೊತ್ತಿಲ್ಲ. ಅವನು ಒಂಬತ್ತನೇ ನಂಬರಿನಲ್ಲಿ ಆಡಲು ಬಂದ ಹೊಸ ಹುಡುಗನೂ ಇರಬಹುದು. ಅವನು ಔಟಾದದ್ದರಿಂದ ಪಿಚರ್ ಬಗ್ಗೆ ಏನೂ ತಿಳಿಯುವುದಿಲ್ಲ. ಕೋಚ್‌ಗೆ ನೋಡಬೇಕಿರುವುದು ಎಸೆಯುವ ಹುಡುಗನನ್ನು: ಕೈ ಹೇಗೆ ಬರುತ್ತದೆ, ಮುಂದಿನ ಕಾಲು ಎಲ್ಲಿ ಊರುತ್ತದೆ, ಹತ್ತು ಸಲ ಎಸೆದರೆ ಹತ್ತು ಸಲವೂ ಮೈ ಅದೇ ದಾರಿ ಹಿಡಿಯುತ್ತದಾ, ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಗ್ಲವ್ ಇಟ್ಟ ಜಾಗಕ್ಕೂ ಚೆಂಡು ಬಂದ ಜಾಗಕ್ಕೂ ಎಷ್ಟು ದೂರ.

ಏಳು ನಿಮಿಷದಲ್ಲಿ ಇದ್ಯಾವುದೂ ಕಾಣಿಸುವ ಒಂದೇ ಒಂದು ತುಣುಕು ಇರಲಿಲ್ಲ. ಇದನ್ನು ಹೇಳಿದಾಗ ಅಪ್ಪನ ಮುಖ ಸಪ್ಪಗಾಯಿತು. ಹುಡುಗ ಮಾತ್ರ ನಕ್ಕ. "ನಾನು ಹೇಳಿದ್ದೆ ಅಂಕಲ್, ಅಪ್ಪ ಕೇಳಲಿಲ್ಲ" ಅಂದ.

ಯಾರಿಗೆ ಕಳಿಸಬೇಕು

ಶೂಟಿಂಗಿಗೆ ಮೊದಲು ಈ ಮಾತು ಮುಗಿಯಬೇಕಿತ್ತು. ಅಪ್ಪನ ಪಟ್ಟಿಯಲ್ಲಿದ್ದ ಕಾಲೇಜುಗಳೆಲ್ಲ ಟಿವಿಯಲ್ಲಿ ಕಾಣುವಂಥವು, ಅಂದರೆ ಡಿವಿಷನ್ 1. ಕಾಲೇಜು ಆಟದ ಮೂರು ಹಂತಗಳಲ್ಲಿ ಅದು ಮೇಲಿನದು, 2 ಮತ್ತು 3 ಅದರ ಕೆಳಗಿನವು. ಆ ಮಟ್ಟದಲ್ಲಿ ಬೇಸ್‌ಬಾಲ್ ಆಡಿಸುವ ಕಾಲೇಜುಗಳು ಸುಮಾರು 300. ಅಲ್ಲಿನ ಕೋಚ್‌ಗಳು 11ನೇ ತರಗತಿ ಶುರುವಾಗುವ ಮುಂಚಿನ ಆಗಸ್ಟ್ 1ರಿಂದ ಹುಡುಗರಿಗೆ ನೇರವಾಗಿ ಫೋನು, ಮೆಸೇಜು ಮಾಡಬಹುದು. ಆ ಆಗಸ್ಟ್ 1 ಬಂದು ಹೋಗಿತ್ತು. ಈ ಮನೆಯ ಫೋನು ಬಡಿದುಕೊಂಡಿರಲಿಲ್ಲ.

ಕಾರಣ ವಿಡಿಯೊ ಮಾತ್ರ ಅಲ್ಲ. ಡಿವಿಷನ್ 1ಕ್ಕೆ ಬಲಗೈ ಪಿಚರ್ ಅಂದರೆ ಗಂಟೆಗೆ 90ಕ್ಕೆ ಹತ್ತಿರದ ಮೈಲಿಗಳು, 90 ಮುಟ್ಟಿದರೆ ಇನ್ನೂ ಒಳ್ಳೆಯದು. ನಮ್ಮ ಹುಡುಗ ಎಸೆಯುತ್ತಿದ್ದದ್ದು 81ರಿಂದ 83, ಯಾವಾಗಲೋ ಒಮ್ಮೆ 84. ಇದನ್ನು ಕಿಲೋಮೀಟರ್‌ಗೆ ತಿರುಗಿಸಿದರೆ 130ರಿಂದ 135. ಕ್ರಿಕೆಟ್ ನೋಡಿ ಬೆಳೆದ ಅಪ್ಪನಿಗೆ ಅದು ಭರ್ಜರಿ ವೇಗ. ಕ್ರಿಕೆಟ್‌ನಲ್ಲಿ ಎರಡು ಪಾಪಿಂಗ್ ಕ್ರೀಸ್‌ಗಳ ನಡುವೆ 58 ಅಡಿ, ಇಲ್ಲಿ 60 ಅಡಿ 6 ಇಂಚು. ದೂರ ಹೆಚ್ಚುಕಡಿಮೆ ಒಂದೇ. ಓಡಿ ಬರದೆ, ನಿಂತಲ್ಲಿಂದಲೇ 135! ಆದರೆ ಇಲ್ಲಿ ಮೊಣಕೈ ಮಡಿಸಿ ಎಸೆಯಬಹುದು, ಚೆಂಡು ನೆಲಕ್ಕೆ ಬೀಳದೆ ನೇರ ಬರುತ್ತದೆ. ಹಾಗಾಗಿ ಅಳತೆಗೋಲೇ ಬೇರೆ.

"ಕುಮಾರ್ ರಾಕರ್ ಇಲ್ವಾ?" ಅಂದರು ಅಪ್ಪ. ಈ ಹೆಸರು ಇಲ್ಲಿನ ಭಾರತೀಯ ಅಪ್ಪಂದಿರ ಬಾಯಲ್ಲಿ ಸದಾ ಇರುತ್ತದೆ. ರಾಕರ್ ತಾಯಿಯ ಕಡೆಯಿಂದ ಭಾರತೀಯ ಮೂಲದವನು. 2019ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪರವಾಗಿ ಡ್ಯೂಕ್ ವಿರುದ್ಧ ಒಂದೂ ಹಿಟ್ ಕೊಡದೆ 19 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. 2024ರಲ್ಲಿ ಟೆಕ್ಸಾಸ್ ರೇಂಜರ್ಸ್ ಪರವಾಗಿ ಮೇಜರ್ ಲೀಗ್‌ಗೆ, ಅಂದರೆ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಮೇಲಿನ ಹಂತಕ್ಕೆ ಬಂದ. ಸರಿ, ಆದರೆ ಅವನು ಹೈಸ್ಕೂಲಿನಲ್ಲೇ 95ರ ಸುತ್ತ ಎಸೆಯುತ್ತಿದ್ದವನು. ಆ ಹೆಸರನ್ನು ಕನಸಿಗೆ ಇಟ್ಟುಕೊಳ್ಳಿ, ಪಟ್ಟಿಗೆ ಬೇಡ ಅಂದೆ.

ಇನ್ನೊಂದು ಸಂಗತಿಯೂ ಇತ್ತು. ಬೇರೆ ಕಾಲೇಜಿನಲ್ಲಿ ಆಗಲೇ ಆಡುತ್ತಿರುವ 20, 21 ವರ್ಷದವರು ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬೇಕೆನ್ನುವ ಆಟಗಾರರ ಪಟ್ಟಿ) ಮೂಲಕ ಸಿಗುವಾಗ, 17ರ ಹುಡುಗನಿಗಾಗಿ ಕಾಯುವ ಕೋಚ್‌ಗಳು ಕಮ್ಮಿ. ಆ ಚಳಿಗಾಲದಲ್ಲಿ ತಂಡದ ಗಾತ್ರವನ್ನು 34ಕ್ಕೆ ಇಳಿಸುವ ಮಾತೂ ನಡೆದಿತ್ತು. ಕಾಲೇಜು ಆಟಗಾರರು ಹೂಡಿದ್ದ 'ಹೌಸ್' ಅನ್ನುವ ಮೊಕದ್ದಮೆಯ ರಾಜಿ ಒಪ್ಪಂದಕ್ಕೆ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿತು, ಅದರಲ್ಲಿ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಜಾರಿಗೂ ಬಂತು. ಅಂದರೆ ಜಾಗ ಇನ್ನಷ್ಟು ಇಕ್ಕಟ್ಟು.

ಹುಡುಗನ ಓದು ಚೆನ್ನಾಗಿತ್ತು. ಶಾಲೆಯ ಅಂಕಗಳ ಸರಾಸರಿ, ಅಂದರೆ ಜಿಪಿಎ, 3.9. ಕಾಲೇಜು ಪ್ರವೇಶ ಪರೀಕ್ಷೆ ಎಸ್‌ಎಟಿಯಲ್ಲಿ 1480. ಓದಿಗೆ ಹೆಸರಾದ ಡಿವಿಷನ್ 3 ಕಾಲೇಜುಗಳಿಗೆ ಹೇಳಿ ಮಾಡಿಸಿದ ಹುಡುಗ. ಅಲ್ಲಿ ಗಂಟೆಗೆ 80ರಿಂದ 85ರ ಆಸುಪಾಸಿನ ಮೈಲಿಗಳಿಗೂ ಬೆಲೆ ಇದೆ. ಒಂದೇ ತೊಡಕು: ಡಿವಿಷನ್ 3ರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ.

"ಸ್ಕಾಲರ್‌ಶಿಪ್ ಇಲ್ಲ ಅಂದ ಮೇಲೆ ಇಷ್ಟೆಲ್ಲ ಯಾಕೆ?" ಅಂತ ಅಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಡಿವಿಷನ್ 1ರಲ್ಲೂ ಹಣ ಹೊಳೆಯಾಗಿ ಹರಿಯುತ್ತಿರಲಿಲ್ಲ. ಒಂದು ಇಡೀ ತಂಡಕ್ಕೆ ವರ್ಷಗಟ್ಟಲೆ ಇದ್ದ ಮಿತಿ 11.7 ಸ್ಕಾಲರ್‌ಶಿಪ್. ಅದನ್ನೇ ಇಪ್ಪತ್ತು, ಮೂವತ್ತು ಹುಡುಗರಿಗೆ ಚೂರುಚೂರು ಮಾಡಿ ಹಂಚುತ್ತಿದ್ದರು. ಪೂರ್ತಿ ಫೀಸು ಸಿಗುವ ಬೇಸ್‌ಬಾಲ್ ಹುಡುಗ ಅಪರೂಪ. ಡಿವಿಷನ್ 3ರ ಕಾಲೇಜು ಓದಿನ ಮೇಲೆ, ಮನೆಯ ಆದಾಯದ ಮೇಲೆ ನೆರವು ಕೊಡುತ್ತದೆ. ಕೆಲವರಿಗೆ ಅದೇ ಜಾಸ್ತಿ ಆಗುವುದೂ ಉಂಟು.

ಪಟ್ಟಿ ಬದಲಾಯಿತು. ಸುಮಾರು 35 ಕಾಲೇಜು. ಹೆಚ್ಚಿನವು ಡಿವಿಷನ್ 3, ಐದಾರು ಡಿವಿಷನ್ 2. ಅಪ್ಪನ ಸಮಾಧಾನಕ್ಕೆ ಎರಡು ಡಿವಿಷನ್ 1 ಉಳಿಸಿದೆವು.

ಶೂಟಿಂಗ್

ಫೆಬ್ರವರಿಯಲ್ಲಿ ಶಾಲೆಯ ಬುಲ್‌ಪೆನ್‌ನಲ್ಲಿ ತೆಗೆದೆವು. ಬುಲ್‌ಪೆನ್ ಅಂದರೆ ಪಿಚರ್‌ಗಳು ಅಭ್ಯಾಸ ಮಾಡುವ ಪಕ್ಕದ ಜಾಗ. ದೊಡ್ಡ ಕ್ಯಾಮೆರಾ ಬೇಡ ಅಂತ ನಾನೇ ಹೇಳಿದೆ. ಎರಡು ಫೋನು, ಎರಡು ಟ್ರೈಪಾಡ್, ಅಡ್ಡ ಹಿಡಿತ, ಸೆಕೆಂಡಿಗೆ 60 ಫ್ರೇಮು. 30 ಫ್ರೇಮಿಗೆ ಇಟ್ಟರೆ ಚೆಂಡು ಬಿಳಿ ಗೆರೆಯಾಗಿ ಅಳಿಸಿಹೋಗುತ್ತದೆ.

ಒಂದು ಫೋನು ಪಕ್ಕದಲ್ಲಿ. ಯಾವ ಪಕ್ಕ ಅನ್ನುವುದೇ ಮುಖ್ಯ. ಬಲಗೈ ಪಿಚರ್ ಎಸೆಯಲು ತಯಾರಾದಾಗ ಅವನ ಎದೆ ಮೂರನೇ ಬೇಸ್ (ಓಟಗಾರ ಮುಟ್ಟಬೇಕಾದ ಮೂಲೆಗಳಲ್ಲಿ ಒಂದು) ಕಡೆಗಿರುತ್ತದೆ. ಫೋನು ಆ ಕಡೆಗೇ ಇರಬೇಕು, ಎದೆ ಎತ್ತರದಲ್ಲಿ, ದಿಬ್ಬಕ್ಕೆ ನೇರ ಅಡ್ಡವಾಗಿ. ಎಡಗೈಯವನಾದರೆ ಮೊದಲ ಬೇಸ್ ಕಡೆ. ತಪ್ಪು ಪಕ್ಕದಲ್ಲಿ ಇಟ್ಟರೆ ಬೆನ್ನು ಕಾಣುತ್ತದೆ, ಕೈ ಮೈಯ ಹಿಂದೆ ಅಡಗುತ್ತದೆ, ಕೋಚ್‌ಗೆ ಏನೂ ಸಿಗುವುದಿಲ್ಲ. ತಲೆಯಿಂದ ಪಾದದವರೆಗೆ ಪೂರ್ತಿ ಚೌಕಟ್ಟಿನಲ್ಲಿ ಇರಬೇಕು, ಮುಂದಿನ ಕಾಲು ಇಳಿಯುವ ಜಾಗವೂ ಸೇರಿ. ಅಪ್ಪ ಮುಖ ಕಾಣಲಿ ಅಂತ ಜೂಮ್ ಮಾಡಲು ಹೊರಟರು. ಮುಖ ಬೇಡ, ಕಾಲು ಬೇಕು ಅಂದೆ.

ಇನ್ನೊಂದು ಫೋನು ಪಿಚರ್‌ನ ಹಿಂದೆ, ಸ್ವಲ್ಪ ಪಕ್ಕಕ್ಕೆ ಸರಿದು. ಟಿವಿಯಲ್ಲಿ ಬೇಸ್‌ಬಾಲ್ ತೋರಿಸುವ ಕೋನ ಇದೇ. ಚೆಂಡು ಯಾವ ಕಡೆ ತಿರುಗಿತು, ಎಷ್ಟು ಇಳಿಯಿತು, ಗ್ಲವ್ ಅಲುಗಿತಾ ಇಲ್ಲವಾ, ಎಲ್ಲ ಇಲ್ಲಿಂದ ಕಾಣುತ್ತದೆ. ಪಂದ್ಯದ ದಿನ ಮೈದಾನದ ಒಳಗೆ ಹೋಗಲು ಬಿಡುವುದಿಲ್ಲವಲ್ಲ, ಆಗ ಕ್ಯಾಚರ್ ಹಿಂದಿನ ಜಾಲರಿಯ ಆಚೆಯಿಂದ ತೆಗೆದೆವು. ಲೆನ್ಸನ್ನು ಜಾಲರಿಗೆ ಅಂಟಿಸಿದ ಹಾಗೆ ಇಟ್ಟರೆ ಜಾಲರಿ ಮಸುಕಾಗಿ ಮಾಯವಾಗುತ್ತದೆ. ಒಂದು ಅಡಿ ಹಿಂದೆ ಸರಿದರೂ ಸಾಕು, ಫೋನು ಜಾಲರಿಯನ್ನೇ ಫೋಕಸ್ ಮಾಡುತ್ತದೆ.

ಬೆಳಕಿನ ವಿಷಯದಲ್ಲಿ ಮಧ್ಯಾಹ್ನದ ಬಿಸಿಲು ನಮಗೆ ಶತ್ರು. ಬಿಳಿ ಚೆಂಡು ಬಿಳಿ ಆಕಾಶದಲ್ಲಿ ಕರಗಿಹೋಗುತ್ತದೆ. ಬುಲ್‌ಪೆನ್‌ನ ಹಿಂದೆ ಕಡು ಹಸಿರು ಟಾರ್ಪಾಲು ಇತ್ತು, ಅದು ಹಿನ್ನೆಲೆಗೆ ಬರುವಂತೆ ಫೋನು ಸರಿಸಿದೆವು. ಒಳಾಂಗಣದ ಕೇಜ್‌ನಲ್ಲಿ ತೆಗೆಯುವ ಯೋಚನೆ ಇತ್ತು, ಆದರೆ ಅಲ್ಲಿನ ಟ್ಯೂಬ್‌ಲೈಟ್ ಮಿನುಗು ವಿಡಿಯೊದಲ್ಲಿ ಪಟಪಟ ಅಂತ ಕಾಣುತ್ತಿತ್ತು. ಬಿಟ್ಟೆವು.

ಕ್ಯಾಚರ್ ಆಗಿ ಬಂದವನು ಅದೇ ತಂಡದ ಗೆಳೆಯ. ಅವನಿಗೆ ಒಂದೇ ಸೂಚನೆ: ಗ್ಲವ್ ಇಟ್ಟಲ್ಲೇ ಇಡು, ಚೆಂಡು ಬಂದ ಮೇಲಷ್ಟೇ ಅಲುಗಿಸು. ಕ್ಯಾಚರ್‌ಗಳಿಗೆ ಚೆಂಡನ್ನು ಒಳಗೆ ಎಳೆದು ಸ್ಟ್ರೈಕ್ ಅನ್ನಿಸುವ ಅಭ್ಯಾಸ. ಅಂಪೈರ್ ಮುಂದೆ ಅದು ಕಲೆ, ಈ ವಿಡಿಯೊದಲ್ಲಿ ಅನುಮಾನಕ್ಕೆ ದಾರಿ.

ಅಪ್ಪನಿಗೂ ನನಗೂ ನಿಜವಾದ ಜಟಾಪಟಿ ನಡೆದದ್ದು ಎಸೆತಗಳ ಲೆಕ್ಕದಲ್ಲಿ. ಒಂದು ಎಸೆತ ಸರಿ ಬರದಿದ್ದರೆ "ಇನ್ನೊಂದು, ಇನ್ನೊಂದು" ಅನ್ನುತ್ತಿದ್ದರು. ಮದುವೆ ಶೂಟಿಂಗಿನಲ್ಲಿ ಮಾಲೆ ಮತ್ತೆ ಹಾಕಿಸಬಹುದು, ಇಲ್ಲಿ ಹಾಗಲ್ಲ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ 2014ರಲ್ಲಿ ಸೇರಿ ತಂದ ಪಿಚ್ ಸ್ಮಾರ್ಟ್ ಅನ್ನುವ ಮಾರ್ಗಸೂಚಿ ಇದೆ. ಅದರ ಪ್ರಕಾರ 15, 16 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 95 ಎಸೆತ. 30 ದಾಟಿದರೆ ಮರುದಿನ ವಿಶ್ರಾಂತಿ, 76 ಮುಟ್ಟಿದರೆ ನಾಲ್ಕು ದಿನ. ಅದೂ ಪಂದ್ಯದ ಲೆಕ್ಕ. ಫೆಬ್ರವರಿಯಲ್ಲಿ, ಚಳಿಗಾಲದ ರಜೆ ಕಳೆದು ಕೈ ಇನ್ನೂ ಪಳಗುತ್ತಿರುವಾಗ, ಕ್ಯಾಮೆರಾ ಮುಂದೆ ಪೂರ್ತಿ ಜೋರಿನಲ್ಲಿ ಎಸೆಯುವುದು ಅದಕ್ಕಿಂತ ಅಪಾಯ. ಮೊಣಕೈಯ ಒಳಗಿನ ಲಿಗಮೆಂಟ್ ಹರಿದರೆ ಟಾಮಿ ಜಾನ್ ಆಪರೇಷನ್. ಅಲ್ಲಿಗೆ ಒಂದು ವರ್ಷ ಹೋಯಿತು. ಅಂಥ ಹುಡುಗನಿಗೆ ರಿಕ್ರೂಟಿಂಗ್ ವಿಡಿಯೊ ಇಟ್ಟುಕೊಂಡು ಏನು ಮಾಡುವುದು?

30ರ ಹತ್ತಿರ ಬಂದಾಗ ನಿಲ್ಲಿಸಿದೆವು. ಉಳಿದದ್ದನ್ನು ಮುಂದಿನ ವಾರದ ಅಭ್ಯಾಸದ ದಿನ ತೆಗೆದೆವು, ಅದೂ ಅವನ ಶಾಲೆಯ ಕೋಚ್ ಹೇಗೂ ಎಸೆಸುತ್ತಿದ್ದ ಎಸೆತಗಳನ್ನೇ. ನನ್ನ ಅಭಿಪ್ರಾಯದಲ್ಲಿ ವಿಡಿಯೊಗಾಗಿ ಪ್ರತ್ಯೇಕ ಎಸೆತ ಅನ್ನುವುದೇ ಇರಬಾರದು. ಹೇಗೂ ಎಸೆಯುವ ದಿನ ಫೋನು ನಿಲ್ಲಿಸಿ, ಸಾಕು.

87 ಅನ್ನುವ ಸಂಖ್ಯೆ

ಆ 87 ಎಲ್ಲಿಂದ ಬಂತು? ಒಂದು ತರಬೇತಿ ಕೇಂದ್ರದ ಗೋಡೆಯ ಮೇಲಿನ ಪರದೆ ಒಂದು ದಿನ ಒಂದು ಎಸೆತಕ್ಕೆ ಹಾಗೆ ತೋರಿಸಿತ್ತು. ಅಪ್ಪ ಅದರ ಫೋಟೊ ತೆಗೆದು ಇಟ್ಟುಕೊಂಡಿದ್ದರು. ಅವರ ಪಾಲಿಗೆ ಅದೇ ಮಗನ ವೇಗ.

ನಾವು ಕೈಯಲ್ಲಿ ಹಿಡಿಯುವ ಪಾಕೆಟ್ ರೇಡಾರ್ ತಂದು ಕ್ಯಾಚರ್ ಹಿಂದೆ, ಚೆಂಡಿನ ದಾರಿಗೆ ನೇರವಾಗಿ ಇಟ್ಟೆವು. ರೇಡಾರ್ ಪಕ್ಕಕ್ಕೆ ಸರಿದಷ್ಟೂ ಸಂಖ್ಯೆ ಕಮ್ಮಿ ತೋರಿಸುತ್ತದೆ, ಹಾಗಾಗಿ ಜಾಗ ಮುಖ್ಯ. ಫಾಸ್ಟ್‌ಬಾಲ್‌ಗೆ ಬಂದ ಸಂಖ್ಯೆಗಳು 81, 82, 82, 83, 81. ಒಂದೇ ಒಂದು 84. ಫಾಸ್ಟ್‌ಬಾಲ್‌ನಂತೆಯೇ ಕಂಡು ನಿಧಾನವಾಗಿ ಬರುವ ಚೇಂಜ್‌ಅಪ್ 73, 74. ಪಕ್ಕಕ್ಕೆ ತಿರುಗುವ ಸ್ಲೈಡರ್ 72ರ ಸುತ್ತ.

ವಿಡಿಯೊದಲ್ಲಿ '81–83, ಅತಿ ಹೆಚ್ಚು 84' ಅಂತಲೇ ಬರೆಯೋಣ ಅಂದೆ. ಅಪ್ಪ ಒಪ್ಪಲಿಲ್ಲ. ಎಲ್ಲರೂ ಎರಡು ಮೂರು ಮೈಲಿ ಏರಿಸುತ್ತಾರೆ, ನಾವು ಮಾತ್ರ ಸತ್ಯಹರಿಶ್ಚಂದ್ರ ಆಗಬೇಕಾ ಅನ್ನುವುದು ಅವರ ವಾದ. ಹರಿಶ್ಚಂದ್ರನ ಮಾತು ಬಿಡಿ, ಇದು ಬರೀ ಲೆಕ್ಕಾಚಾರ. ಕೋಚ್ ಆ ಸಂಖ್ಯೆಯನ್ನು ಪರೀಕ್ಷಿಸಿಯೇ ತೀರುತ್ತಾನೆ. ಪರ್ಫೆಕ್ಟ್ ಗೇಮ್, ಪ್ರೆಪ್ ಬೇಸ್‌ಬಾಲ್ ಥರದ ಸಂಸ್ಥೆಗಳ ಶೋಕೇಸ್‌ಗೆ, ಅಂದರೆ ಕೋಚ್‌ಗಳ ಮುಂದೆ ಆಟ ತೋರಿಸುವ ಕಾರ್ಯಕ್ರಮಕ್ಕೆ, ಹೋದ ಹುಡುಗರ ವೇಗ ಅವರ ಪ್ರೊಫೈಲ್‌ನಲ್ಲಿ ದಾಖಲಾಗಿರುತ್ತದೆ. ಇಲ್ಲದಿದ್ದರೆ ಪಂದ್ಯ ನೋಡಲು ಬಂದಾಗ ಕೋಚ್ ತನ್ನದೇ ರೇಡಾರ್ ಎತ್ತುತ್ತಾನೆ. 87 ಅಂತ ಬರೆದು 82 ಬಂದರೆ ಹುಡುಗ ಸುಳ್ಳ. 82 ಅಂತ ಬರೆದು 83 ಬಂದರೆ ಅದೇ ಹುಡುಗ ಬೆಳೆಯುತ್ತಿದ್ದಾನೆ. ಎಸೆತ ಎರಡು ಕಡೆಯೂ ಒಂದೇ.

ಇದನ್ನು ಮುಗಿಸಿದ್ದು ಹುಡುಗನೇ. "ಅದರ ಕೆಳಗೆ ಇರೋದು ನನ್ನ ಹೆಸರು ಅಪ್ಪಾ" ಅಂದ. ಅಮ್ಮ ಅವನ ಪರ ನಿಂತರು.

ಸಂಖ್ಯೆ ಸರಿಯಾದಾಗ ಇನ್ನೊಂದು ಲಾಭವೂ ಆಯಿತು. ವೇಗವೇ ಎಲ್ಲ ಅಂದುಕೊಂಡಿದ್ದಷ್ಟು ದಿನ ಯಾರೂ ಅವನ ಚೇಂಜ್‌ಅಪ್ ಕಡೆ ನೋಡಿರಲಿಲ್ಲ. ಫಾಸ್ಟ್‌ಬಾಲ್‌ಗಿಂತ ಒಂಬತ್ತು, ಹತ್ತು ಮೈಲಿ ಕಮ್ಮಿ, ಆದರೆ ಕೈ ಬರುವ ವೇಗ ಅದೇ. ಪಕ್ಕದ ಕೋನದ ಎರಡು ತುಣುಕು ಒಟ್ಟಿಗೆ ಇಟ್ಟು ನೋಡಿದರೆ ಯಾವುದು ಯಾವುದೆಂದು ಚೆಂಡು ಬಿಡುವವರೆಗೆ ಹೇಳಲಾಗುವುದಿಲ್ಲ. ಅವನ ಬಂಡವಾಳ ಇದೇ. ವಿಡಿಯೊವನ್ನು ಇದರ ಸುತ್ತಲೇ ಕಟ್ಟಬೇಕು ಅಂತ ಆಗ ತೀರ್ಮಾನವಾಯಿತು.

ಎಡಿಟಿಂಗ್

ಹೊಸ ವಿಡಿಯೊ ಎರಡೂವರೆ ನಿಮಿಷ. ಮೊದಲ ನಾಲ್ಕು ಸೆಕೆಂಡು ಒಂದು ಸಾದಾ ಫಲಕ: ಹೆಸರು, 2026ರ ಬ್ಯಾಚ್, ಬಲಗೈ ಪಿಚರ್, 6 ಅಡಿ, 165 ಪೌಂಡು, ಶಾಲೆ, ಟ್ರಾವೆಲ್ ತಂಡ, ಜಿಪಿಎ, ಎಸ್‌ಎಟಿ, ಇಮೇಲ್. ಮನೆಯ ವಿಳಾಸ, ಮನೆಯ ಫೋನು ಬೇಡ. 16 ವರ್ಷದ ಹುಡುಗನ ವಿವರ ಇಂಟರ್ನೆಟ್ಟಿನಲ್ಲಿ ಎಷ್ಟು ಕಮ್ಮಿ ಇದ್ದರೆ ಅಷ್ಟು ನೆಮ್ಮದಿ. ಶಾಲೆಯ ಕೋಚ್ ಅನುಮತಿ ಕೊಟ್ಟದ್ದರಿಂದ ಅವರ ಇಮೇಲ್ ಹಾಕಿದೆವು.

ಐದನೇ ಸೆಕೆಂಡಿಗೆ ಮೊದಲ ಎಸೆತ. ಪಕ್ಕದ ಕೋನದಿಂದ ಫಾಸ್ಟ್‌ಬಾಲ್, ಆಮೇಲೆ ಹಿಂದಿನ ಕೋನದಿಂದ. ತಕ್ಷಣ ಚೇಂಜ್‌ಅಪ್, ಅದೇ ಎರಡು ಕೋನ. ಆಮೇಲೆ ಸ್ಲೈಡರ್, ಅದು ಅಷ್ಟೇನೂ ಚೆನ್ನಾಗಿಲ್ಲ, ಮೂರು ಎಸೆತ ತೋರಿಸಿ ಮುಂದೆ ಹೋದೆವು. ಕೆಳಮೂಲೆಯಲ್ಲಿ ಎಸೆತದ ಹೆಸರು, ವೇಗ. ಸಂಗೀತ ಇಲ್ಲ. ಚೆಂಡು ಗ್ಲವ್‌ಗೆ ಬಡಿಯುವ ಸದ್ದು ಇರಲಿ. ಹಾಡು ಹಾಕಿದರೆ ಕಾಪಿರೈಟ್ ಗೊಡವೆ ಬೇರೆ. ಸ್ಲೋ ಮೋಷನ್ ಒಂದೇ ಕಡೆ, ಚೇಂಜ್‌ಅಪ್ ಹಿಡಿತ ಮತ್ತು ಬಿಡುಗಡೆ ಕಾಣುವಲ್ಲಿ. ಉಳಿದದ್ದೆಲ್ಲ ನಿಜವಾದ ವೇಗದಲ್ಲಿ. ಕೈಚಳಕ ಕಂಡುಹಿಡಿಯಲು ಕೋಚ್‌ಗೆ ಸ್ಲೋ ಮೋಷನ್ ಬೇಕಿದ್ದರೆ ಅವನೇ ನಿಧಾನ ಮಾಡಿಕೊಳ್ಳುತ್ತಾನೆ.

ಬೇಸ್ ಮೇಲೆ ಓಟಗಾರ ಇದ್ದಾಗ ಪಿಚರ್ ಪೂರ್ತಿ ಮೈ ಬೀಸದೆ ಚಿಕ್ಕದಾಗಿ ಎಸೆಯಬೇಕು, ಅದಕ್ಕೆ ಸ್ಟ್ರೆಚ್ ಅನ್ನುತ್ತಾರೆ. ಮೊದಲ ಅಲುಗಾಟದಿಂದ ಚೆಂಡು ಗ್ಲವ್ ಸೇರುವವರೆಗೆ 1.3 ಸೆಕೆಂಡು ಅಥವಾ ಕಮ್ಮಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಓಟಗಾರ ಮುಂದಿನ ಬೇಸ್ ಕದಿಯುತ್ತಾನೆ. ಇವನದು 1.35 ಆಸುಪಾಸು. ಅದನ್ನೂ ಅಡಗಿಸದೆ ತೋರಿಸಿದೆವು. ಮೊದಲ ಬೇಸಿಗೆ ಎಸೆದು ಓಟಗಾರನನ್ನು ಹಿಂದಕ್ಕೆ ಓಡಿಸುವ ಒಂದು ಪಿಕ್‌ಆಫ್, ಬಂಟ್, ಅಂದರೆ ಬ್ಯಾಟರ್ ಮೆಲ್ಲಗೆ ತಟ್ಟಿಬಿಟ್ಟ ಚೆಂಡನ್ನು, ಎತ್ತಿ ಎಸೆಯುವ ಒಂದು ತುಣುಕು.

ಕೊನೆಯ ಮುಕ್ಕಾಲು ನಿಮಿಷ ಮಾರ್ಚ್ ತಿಂಗಳ ಪಂದ್ಯದಿಂದ. ಇಲ್ಲಿ ಅಮ್ಮ ಹೇಳಿದ್ದನ್ನು ಕೇಳಿದ್ದು ಒಳ್ಳೆಯದಾಯಿತು. ಅವರಿಗೆ ಆಟದ ನಿಯಮ ಅರ್ಧಂಬರ್ಧ ಗೊತ್ತು, ಆದರೆ ಮಗನನ್ನು ನೋಡುವುದು ಗೊತ್ತು. "ಆ ಶಾರ್ಟ್‌ಸ್ಟಾಪ್ ಹುಡುಗ ಚೆಂಡು ಬಿಟ್ಟನಲ್ಲ, ಆಗ ಇವನು ಮುಖ ಸಿಂಡರಿಸಲಿಲ್ಲ. ಅದನ್ನು ಹಾಕಿ" ಅಂದರು. ನೋಡಿದೆ. ಶಾರ್ಟ್‌ಸ್ಟಾಪ್ ಅಂದರೆ ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್. ಅವನಿಗೆ ಸುಲಭದ ಚೆಂಡು ಕೈಜಾರಿ ಓಟಗಾರ ಉಳಿದುಕೊಂಡಿದ್ದ. ಹುಡುಗ ಗ್ಲವ್ ತಟ್ಟಿ ಏನೋ ಹೇಳಿದ, ಚೆಂಡು ತೆಗೆದುಕೊಂಡ, ದಿಬ್ಬಕ್ಕೆ ಮರಳಿದ. ಮುಂದಿನ ಬ್ಯಾಟರ್‌ಗೆ ಐದು ಎಸೆತ: ಎರಡು ಸ್ಟ್ರೈಕ್, ಎರಡು ಬಾಲ್, ಕೊನೆಗೆ ಚೇಂಜ್‌ಅಪ್‌ಗೆ ನೆಲದ ಮೇಲೆ ಹೊಡೆತ, ಅದೇ ಶಾರ್ಟ್‌ಸ್ಟಾಪ್ ಹಿಡಿದು ಡಬಲ್ ಪ್ಲೇ, ಅಂದರೆ ಒಂದೇ ಹೊಡೆತಕ್ಕೆ ಇಬ್ಬರು ಔಟ್. ಎಸೆತಗಳ ನಡುವಿನ ಕಾಯುವಿಕೆ ಸ್ವಲ್ಪ ಮೊಟಕು ಮಾಡಿದ್ದು ಬಿಟ್ಟರೆ, ಗುರಿ ತಪ್ಪಿದ ಎರಡು ಎಸೆತವೂ ಸೇರಿ ಎಲ್ಲವನ್ನೂ ಹಾಗೇ ಇಟ್ಟೆವು.

ಅಪ್ಪನಿಗೆ ಇದು ಅರ್ಥವಾಗಲಿಲ್ಲ. ಸ್ಟ್ರೈಕ್‌ಔಟ್ ಬಿಟ್ಟು ನಮ್ಮವರೇ ತಪ್ಪು ಮಾಡಿದ್ದನ್ನು ಯಾಕೆ ತೋರಿಸಬೇಕು? ನಾನು ಹೇಳಿದ್ದು ಇಷ್ಟೇ: ಒಳ್ಳೆಯ ಎಸೆತಗಳನ್ನಷ್ಟೇ ಆರಿಸಿ ಜೋಡಿಸಿದ ವಿಡಿಯೊ ಯಾರದ್ದಾದರೂ ಚೆನ್ನಾಗಿರುತ್ತದೆ, ಅದು ಕೋಚ್‌ಗೂ ಗೊತ್ತು. ಕತ್ತರಿಸದ ಐದು ಎಸೆತ ಇಟ್ಟರೆ ಮಿಕ್ಕ ಎರಡು ನಿಮಿಷವನ್ನೂ ಅವನು ನಂಬುತ್ತಾನೆ.

ಸ್ಟ್ರೈಕ್‌ಔಟ್ ಒಂದೂ ಇರಬಾರದು ಅಂತೇನಿಲ್ಲ. ಎರಡು ಇಟ್ಟೆವು, ಎರಡೂ ಕ್ಯಾಚರ್ ಹಿಂದಿನಿಂದ ತೆಗೆದವು. ಔಟಾದ ಹುಡುಗ ಬ್ಯಾಟ್ ಬಡಿದು ಹೋಗುವುದನ್ನು ಮಾತ್ರ ಕತ್ತರಿಸಿದೆ. ಅವನೂ ಯಾರದೋ ಮಗ, ಅವನಿಗೂ ಕಾಲೇಜು ಬೇಕು.

ಕಳಿಸಿದ್ದು, ಬಂದದ್ದು

ಈ ನಡುವೆ ಒಂದು ರಿಕ್ರೂಟಿಂಗ್ ಸೇವೆಯವರು ಫೋನು ಮಾಡಿದ್ದರು. ಸಾವಿರಾರು ಡಾಲರ್ ಕಟ್ಟಿದರೆ ನೂರಾರು ಕೋಚ್‌ಗಳಿಗೆ ವಿಡಿಯೊ ತಲುಪಿಸುತ್ತೇವೆ ಅಂದರು. ಅಪ್ಪ ಕಾರ್ಡು ತೆಗೆಯುವುದರಲ್ಲಿದ್ದರು. ಕೋಚ್‌ಗಳ ಇಮೇಲ್ ಪ್ರತಿ ಕಾಲೇಜಿನ ವೆಬ್‌ಸೈಟ್‌ನಲ್ಲಿ ಇರುತ್ತದೆ, ರಿಕ್ರೂಟ್ ಪ್ರಶ್ನಾವಳಿಯೂ ಅಲ್ಲೇ ಇದೆ, ಪುಕ್ಕಟೆ. ನೂರಾರು ಜನರಿಗೆ ಒಟ್ಟಿಗೆ ಹೋಗುವ ಪತ್ರವನ್ನು ಓದುವವರು ಯಾರು?

ಪತ್ರ ಬರೆದವನು ಹುಡುಗ. ಅಪ್ಪ ಬರೆದರೆ ಕೋಚ್‌ಗೆ ತಕ್ಷಣ ತಿಳಿಯುತ್ತದೆ, ಹಿಡಿಸುವುದೂ ಇಲ್ಲ. ಹೆಡ್ ಕೋಚ್ ಜತೆಗೆ ಪಿಚಿಂಗ್ ಕೋಚ್ ಅಥವಾ ರಿಕ್ರೂಟಿಂಗ್ ನೋಡಿಕೊಳ್ಳುವವರಿಗೂ. ವಿಷಯದ ಸಾಲಿನಲ್ಲೇ ಬ್ಯಾಚು, ಬಲಗೈ ಪಿಚರ್, ಎತ್ತರ, ಜಿಪಿಎ, ಊರು. ಒಳಗೆ ಆರೇಳು ಸಾಲು: ಆ ಕಾಲೇಜಿನಲ್ಲಿ ಏನು ಓದಬೇಕೆಂದಿದ್ದಾನೆ, ಮುಂದಿನ ಪಂದ್ಯಗಳು ಎಲ್ಲಿ ಯಾವಾಗ, ಯೂಟ್ಯೂಬ್‌ನ ಅನ್‌ಲಿಸ್ಟೆಡ್ ಲಿಂಕ್ (ಲಿಂಕ್ ಇದ್ದವರಿಗಷ್ಟೇ ಕಾಣುವಂಥದ್ದು). ಫೈಲನ್ನು ಅಂಟಿಸಿ ಕಳಿಸಬಾರದು. ಅದನ್ನು ಇಳಿಸಿಕೊಂಡು ನೋಡುವಷ್ಟು ತಾಳ್ಮೆ ಯಾರಿಗೂ ಇಲ್ಲ.

ಏಪ್ರಿಲ್ ಮೊದಲ ವಾರ ಕಳಿಸಿದ. 35ರಲ್ಲಿ ಹೆಚ್ಚಿನವರು ಉತ್ತರಿಸಲಿಲ್ಲ. ಎರಡು ಡಿವಿಷನ್ 1 ಕಾಲೇಜುಗಳಿಂದ ಮತ್ತದೇ ಕ್ಯಾಂಪ್ ಜಾಹೀರಾತು. ಆದರೆ ಐದು ಕಡೆಯಿಂದ ನಿಜವಾದ ಪತ್ರ ಬಂತು, ಅಂದರೆ ವಿಡಿಯೊ ನೋಡಿದವರು ಮಾತ್ರ ಕೇಳಬಹುದಾದ ಪ್ರಶ್ನೆಗಳು. ಒಬ್ಬರು ಸ್ಲೈಡರ್ ಹಿಡಿತ ಹೇಗೆ ಅಂತ ಕೇಳಿದರು. ಇನ್ನೊಬ್ಬರು ಸ್ಟ್ರೆಚ್ ನಿಧಾನ ಇದೆ, ಬೇಸಿಗೆಯಲ್ಲಿ ಅದರ ಮೇಲೆ ಕೆಲಸ ಮಾಡುತ್ತೀಯಾ ಅಂದರು. ಅಡಗಿಸದೆ ಇಟ್ಟ 1.35ರಿಂದ ಒಂದು ಮಾತುಕತೆಯೇ ಶುರುವಾಯಿತು. ಮೂರನೆಯವರು, ಒಂದು ಡಿವಿಷನ್ 3 ಕಾಲೇಜಿನ ಪಿಚಿಂಗ್ ಕೋಚ್, ಡಬಲ್ ಪ್ಲೇ ತಂದ ಆ ಚೇಂಜ್‌ಅಪ್ ಬಗ್ಗೆ ಬರೆದು, ಜೂನ್‌ನಲ್ಲಿ ಎಲ್ಲಿ ಎಸೆಯುತ್ತೀಯಾ ಅಂತ ಕೇಳಿದರು.

ಅವರು ಜೂನ್‌ನಲ್ಲಿ ಬಂದರು. ರೇಡಾರ್ ಎತ್ತಿದರು. ಅವತ್ತು 82, 83, ಎರಡು ಸಲ 85. ಅಪ್ಪ ದೂರದಿಂದ ಅವರ ಮುಖ ಓದಲು ನೋಡಿ ಸೋತರು. ಕೋಚ್ ಮೂರು ಇನಿಂಗ್ಸ್ ನೋಡಿ, ಹುಡುಗನ ಕೈ ಕುಲುಕಿ, ಅಂಕಪಟ್ಟಿ ಕಳಿಸು ಅಂದು ಹೋದರು. ಜುಲೈಯಲ್ಲಿ ಅಂಕಪಟ್ಟಿ ಪ್ರವೇಶ ವಿಭಾಗದ ಪ್ರೀ-ರೀಡ್‌ಗೆ ಹೋಯಿತು, ಅಂದರೆ ಅರ್ಜಿಗೆ ಮೊದಲೇ ಸಿಗುವ ಸಾಧ್ಯತೆ ಎಷ್ಟು ಅಂತ ನೋಡುವುದು. ಒಳ್ಳೆಯ ಸೂಚನೆ ಬಂತು. ಡಿವಿಷನ್ 3ರಲ್ಲಿ ಸ್ಕಾಲರ್‌ಶಿಪ್ ಕರಾರು ಇಲ್ಲದ್ದರಿಂದ ಎಲ್ಲ ಕೋಚ್‌ನ ಬಾಯಿಮಾತಿನ ಮೇಲೆ, ಕಾಲೇಜಿನ ಪ್ರವೇಶ ಪತ್ರದ ಮೇಲೆ ನಿಂತಿದೆ. ಅಪ್ಪನಿಗೆ ಈ ಬಾಯಿಮಾತು ಇನ್ನೂ ಜೀರ್ಣವಾಗಿಲ್ಲ.

ಆಗಸ್ಟ್‌ನಲ್ಲಿ ವಿಡಿಯೊದ ಫಾಸ್ಟ್‌ಬಾಲ್ ಭಾಗ ಬದಲಾಯಿಸಿದೆವು, '82–84, ಅತಿ ಹೆಚ್ಚು 85' ಅಂತ. ಸ್ಟ್ರೆಚ್ 1.3ಕ್ಕೆ ಬಂದಿತ್ತು, ಅದನ್ನೂ ಹೊಸದಾಗಿ ತೆಗೆದೆವು. ಉಳಿದ ನಾಲ್ವರು ಕೋಚ್‌ಗಳಿಗೆ ಹುಡುಗ ಎರಡು ಸಾಲಿನ ಪತ್ರದ ಜತೆ ಕಳಿಸಿದ. ಒಬ್ಬರು ಸೆಪ್ಟೆಂಬರ್‌ನಲ್ಲಿ ಕಾಲೇಜು ನೋಡಲು ಕರೆದಿದ್ದಾರೆ.

ಈಗ ಮನೆಯಲ್ಲಿ ನಡೆಯುತ್ತಿರುವ ಚರ್ಚೆ ವಿಡಿಯೊದ್ದಲ್ಲ. ಪ್ರೀ-ರೀಡ್ ಮಾಡಿದ ಕಾಲೇಜು ಅರ್ಲಿ ಡಿಸಿಷನ್ ಅರ್ಜಿ ಹಾಕು ಅನ್ನುತ್ತಿದೆ. ಸಿಕ್ಕರೆ ಬೇರೆ ಕಡೆ ಹೋಗುವಂತಿಲ್ಲ. ಸೆಪ್ಟೆಂಬರ್‌ನ ಕಾಲೇಜು ನೋಡಿ ಬಂದ ಮೇಲೆ ನಿರ್ಧರಿಸೋಣ ಅನ್ನುವುದು ಅಮ್ಮನ ಮಾತು. ಅಪ್ಪ ಎರಡೂ ಕಾಲೇಜಿನ ಫೀಸು, ನೆರವು ಸೇರಿಸಿ ಎಕ್ಸೆಲ್ ಹಾಳೆ ಮಾಡಿಕೊಂಡು ಕೂತಿದ್ದಾರೆ.